ಕಡೇ ಹಾಲು

ಕದಿರೇನಹಳ್ಳಿ
9 ಜೂನ್ 2024, ಭಾನುವಾರ

ಬೇಗೂರಿನ ಮರಿಯಮ್ಮನಿಗೆ ನಿನ್ನ ವಾರಗಿತ್ತಿ ನಾರಾಯಣಮ್ಮ ಬರೆಯೋದು.

ನನ್ನ ಕೈಬರಹ ಕಂಡ ತಕ್ಷಣ ಕಾಗದ ಹರಿದು ಹಾಕ್ಬೇಡ. ಹನ್ನೊಂದು ವರ್ಷದ ಹಿಂದೆ ನಾಗೇಶ್ವರನ ಗುಡೀಲಿ ಕರ್ಪೂರ ಹಚ್ಚಿ ನೀನು ಆಣೆ ಇಟ್ಟಿದ್ದು ನನ್ನ ಜೊತೆ ಮಾತಾಡಲ್ಲ ಅಂತ. ನಾನು ಬರೆದಿದ್ದು ಓದಲ್ಲ ಅಂತೇನೂ ಇಟ್ಟಿಲ್ಲ. ಅದಕ್ಕೇ ಫೋನ್ ಮಾಡದೆ ಈ ಊದಿದ ಬೆರಳಲ್ಲಿ ಪೆನ್ನು ಹಿಡಿದಿದ್ದೀನಿ. ದೇವರಿಗೆ ನಿನ್ನ ಕಡೆಯಿಂದ ಏನೂ ಮೋಸ ಆಗಲ್ಲ, ಧೈರ್ಯವಾಗಿ ಓದು.

ಮೊನ್ನೆ ಬೂಸಾ ಟೆಂಪೋ ಕರೆಪ್ಪ ನಮ್ಮ ಕೊಟ್ಟಿಗೆಗೆ ಹಿಂಡಿ ಮೂಟೆ ಇಳಿಸ್ತಾ, ಬೇಗೂರಲ್ಲಿ ಮರಿಯಕ್ಕ ಆರು ಹಸುನೂ ಮಾರೋಕೆ ಗಿರಾಕಿ ಹುಡುಕ್ತಿದ್ದಾರೆ ಅಂದ. ಡೈರಿಗೆ ಹಾಕಿದ ಹಾಲಿನ ದುಡ್ಡು ಹಿಂಡಿ ಬೂಸಾಕ್ಕೇ ಸರಿಹೋಗ್ತಿದೆಯಂತೆ, ಕೆರೆ ದಡದಲ್ಲಿ ಹುಲ್ಲು ಕೊಯ್ಯೋಕೂ ಬಿಡಲ್ವಂತೆ, ಹಸಿ ಮೇವೆಲ್ಲ ದುಡ್ಡು ಕೊಟ್ಟು ತರಿಸ್ತಿದ್ದೀಯಂತೆ. ಸಂಜೀವಯ್ಯ ಸೊಂಟ ನೋವಿಟ್ಟುಕೊಂಡು ಅಪಾರ್ಟ್‌ಮೆಂಟ್ ಗೇಟಲ್ಲಿ ಕೂತು ಸಂಬಳ ತಂದು ಹಸುಗಳ ಬಾಯಿಗೆ ಹಾಕ್ತಿದ್ದಾನಂತೆ. ಅಲ್ಲ ಕಣೇ, ಗಂಡನ ಸಂಬಳ ಹಸು ತಿನ್ನೋದಾದ್ರೆ ಹಸು ಯಾಕೆ ಸಾಕಬೇಕು?

ಅದಕ್ಕೆ ಒಂದು ದಾರಿ ಹೇಳ್ತೀನಿ ಕೇಳು. ನಂಗೆ ಅರವತ್ತನಾಲ್ಕು ತುಂಬ್ತು, ಕೈ ಸೋತುಹೋಗಿದೆ. ಇರೋ ಎರಡು ಹಸು ಕರೆಯೋಕೂ ಮುಕ್ಕಾಲು ಗಂಟೆ ಬೇಕು. ನಿನ್ನ ಭಾವನೋರು ಹೋದ ಮೇಲೆ ಮಗ ನಂದಕುಮಾರನದ್ದು ಒಂದೇ ಹಟ: ಕೊಟ್ಟಿಗೆ ಕೆಡವೋಣ, ನಾಲ್ಕು ರೂಮು ಕಟ್ಟಿ ಬಾಡಿಗೆಗೆ ಬಿಡೋಣ ಅಂತಾನೆ. ಎದುರು ಮನೆ ಬಾಡಿಗೆಯೋರು ಸಗಣಿ ವಾಸನೆ ಅಂತ ದಿನಾ ಕಂಪ್ಲೇಂಟು. ನಾನೂ ಹೂಂ ಅಂದುಬಿಟ್ಟೆ. ಆದ್ರೆ ನನ್ನ ಹತ್ರ ಇನ್ನೂ ಇಪ್ಪತ್ತೆರಡು ವರ್ತನೆ ಮನೆ ಇದೆ. ದಿನಾ ತಪ್ಪದೆ ನಮ್ಮ ಹಾಲೇ ತಗೊಳ್ಳೋ ಮನೆಗಳು, ಎಲ್ಲಾ ನಿಂಗೆ ಗೊತ್ತಿರೋವೇ. ಲೀಟರಿಗೆ ಡೈರಿಯೋರು ಕೊಡೋದಕ್ಕೂ ಅವರು ಕೊಡೋದಕ್ಕೂ ಹೆಚ್ಚುಕಮ್ಮಿ ಎರಡರಷ್ಟು ವ್ಯತ್ಯಾಸ. ಅದು ಸಿಕ್ಕಿದ್ರೆ ನಿನ್ನ ಹಸು ಉಳೀತಾವೆ. ಪ್ಯಾಕೆಟ್ಟಿನವರ ಪಾಲಾಗೋ ಬದಲು ನೀನು ತಗೋ.

ಆ ಇಳಿಜಾರು ಜ್ಞಾಪಕ ಇದೆಯಾ, ಕುಮಾರಸ್ವಾಮಿ ಲೇಔಟಿಂದು? ಈಗ ಅಲ್ಲಿ ಮೂರು ಬೇಕರಿ, ಒಂದು ಜಿಮ್ಮು. ನೀನು ಮದುವೆಯಾಗಿ ಬಂದ ವರ್ಷ ಪೂರ್ತಿ ಖಾಲಿ ಸೈಟು. ಇಬ್ಬರೂ ಸೀರೆ ಎತ್ತಿಕಟ್ಟಿ ಹುಲ್ಲು ಕೊಯ್ದು, ಹೊರೆ ಹೊತ್ತು ಬರುವಾಗ ನೀನು ಬಿದ್ದು ಉರುಳಿದ್ದೆ. ನಾನು ಎತ್ತೋದು ಬಿಟ್ಟು ನಕ್ಕಿದ್ದಕ್ಕೆ ನೀನು ಎರಡು ದಿನ ಮುನಿಸಿಕೊಂಡಿದ್ದೆ. ಆಗ ಎರಡೇ ದಿನ.

ಉತ್ತರ ಕರೆಪ್ಪನ ಕೈಲಿ ಕೊಡು.

ನಾರಾಯಣಮ್ಮ


ಬೇಗೂರು
16 ಜೂನ್ 2024

ನಾರಾಯಣಮ್ಮನವರಿಗೆ,

ಕಾಗದ ತಲುಪಿತು. ಕರೆಪ್ಪ ಹೇಳಿದ್ದು ನಿಜ. ದೀಪಾವಳಿವರೆಗೆ ನೋಡ್ತೀನಿ, ಆಮೇಲೆ ಮಾರ್ತೀನಿ.

ವರ್ತನೆ ಮನೆ ಕೊಡ್ತೀನಿ ಅಂದಿದ್ದೀರಿ. ಆ ಮನೆಯವರು ನನ್ನ ಕೈಯಿಂದ ಹಾಲು ತಗೋತಾರಾ? ನೀವು ಮರೆತಿರಬಹುದು, ನಾನು ಮರೆತಿಲ್ಲ. ಅವತ್ತು ಶುಕ್ರವಾರ. ಬನಶಂಕರಿ ಸೆಕೆಂಡ್ ಸ್ಟೇಜಿನ ಕಮಲಾದೇವಮ್ಮ ಪಾತ್ರೆ ಸಮೇತ ಕೊಟ್ಟಿಗೆಗೇ ಬಂದರು. ಒಂದು ವಾರದಿಂದ ಹಾಲು ಕೆನೆ ಕಟ್ತಿಲ್ಲ, ನೀರು ಹಾಕ್ತಿದ್ದೀರಾ ಅಂತ ನಿಮ್ಮನ್ನ ಕೇಳಿದರು. ಆರೇಳು ಮನೆಯವರು ಚೊಂಬು ಹಿಡಿದು ನಿಂತಿದ್ದರು. ನೀವು ಹೇಳಿದ್ದು ಒಂದೇ ಮಾತು.

"ನಿಮ್ಮ ಮನೆ ಹಾಲು ಕರೆಯೋಳು ನಾನಲ್ಲ. ಅವಳನ್ನೇ ಕೇಳಿ."

ಅಷ್ಟು ಹೇಳಿ ಒಳಗೆ ಹೋದಿರಿ. ನಾನು ನೀರು ಹಾಕಿಲ್ಲ ಅಂತ ಎಷ್ಟು ಬಡ್ಕೊಂಡರೂ ಯಾರೂ ನಂಬಲಿಲ್ಲ. ಮಾರನೇ ದಿನದಿಂದ ನಾನು ಚೊಂಬು ಹಿಡಿದು ಹೋದರೆ, ಪಾಪ ನೀನು ಯಾಕಮ್ಮ, ನಾರಾಯಣಮ್ಮನ್ನೇ ಕಳಿಸು ಅನ್ನೋರು. ತಿಂಗಳೊಳಗೆ ಮನೆ ಪಾಲಾಯಿತು, ನಾವು ನನ್ನ ತವರೂರಿಗೆ ಬಂದೆವು. ಇಲ್ಲೂ ನಾಲ್ಕು ಮನೆ ವರ್ತನೆ ಹಿಡಿಯೋಣ ಅಂತ ಹೊರಟರೆ ಬನಶಂಕರಿ ಸುದ್ದಿ ನನಗಿಂತ ಮುಂಚೆ ಬೇಗೂರಿಗೆ ಬಂದಿತ್ತು. ಅದಕ್ಕೇ ಡೈರಿಗೆ ಹಾಕಿದ್ದು. ಹನ್ನೊಂದು ವರ್ಷ ಅಲ್ಲಿ ಮೆಷಿನ್ನು ನನ್ನ ಹಾಲು ನೋಡಿದೆ, ಒಂದು ದಿನಾನೂ ನೀರು ಅಂದಿಲ್ಲ.

ನನ್ನ ಆಣೆ ಪೂರ್ತಿ ಹೇಳ್ತೀನಿ, ಅರ್ಧ ಬರೆದಿದ್ದೀರಿ. ಆ ಮಾತು ನನ್ನ ಮೇಲಿಂದ ಹೋಗೋವರೆಗೆ ನಿಮ್ಮ ಜೊತೆ ಮಾತಿಲ್ಲ, ಅದು ನನ್ನ ಆಣೆ. ಹೋಗಿ ಹೇಳಿ. ಇಪ್ಪತ್ತೆರಡು ಮನೆಗೂ ಹೇಳಿ. ಆಮೇಲೆ ವರ್ತನೆ ವಿಷಯ.

ಮರಿಯಮ್ಮ


ಕದಿರೇನಹಳ್ಳಿ
21 ಜುಲೈ 2024

ಮರೀ,

ತಿಂಗಳು ಕಳೀತು ಅಂತ ಬೈಕೋಬೇಡ. ಕರೆಪ್ಪ ಎರಡು ಸಲ ಬಂದ, ಎರಡು ಸಲಾನೂ ಬರೆದಿಲ್ಲ ಹೋಗಪ್ಪ ಅಂತ ಕಳಿಸಿದೆ. ಬರೆಯೋಕೆ ಒಂದು ವಿಷಯ ಬೇಕಿತ್ತು, ಈಗ ಸಿಕ್ಕಿದೆ.

ಹೋದ ವಾರ ಕಮಲಾದೇವಮ್ಮ ನನಗೇ ಹೇಳಿದರು, ನಾರಾಯಣಮ್ಮ ಯಾಕೋ ಹಾಲು ಕೆನೆ ಕಟ್ತಿಲ್ಲ ಅಂತ. ನನಗೆ! ನೀರು ಅನ್ನೋ ಮಾತು ಆಡಲಿಲ್ಲ, ಆದ್ರೆ ಮುಖದಲ್ಲಿ ಇತ್ತು. ಮನೆಗೆ ಬಂದು ನಮ್ಮ ಸೊಸೆ ದಿವ್ಯನ ಎದುರಿಗೆ ಎರಡು ಪಾತ್ರೆ ಇಟ್ಟೆ. ನನ್ನ ಕೈಗೆ ಆದಷ್ಟು ಕರೆದು ಒಂದಕ್ಕೆ ಹಾಕಿದೆ. ಆಮೇಲೆ ಹಲ್ಲು ಕಚ್ಚಿ, ಕೆಚ್ಚಲು ಖಾಲಿ ಆಗೋವರೆಗೆ ಹಿಂಡಿ ಕಡೇ ಹಾಲು ಇನ್ನೊಂದಕ್ಕೆ ಹಾಕಿದೆ. ಕಾಯಿಸಿ ಇಟ್ಟರೆ ಮೊದಲನೇದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೆನೆ. ಎರಡನೇದರ ಮೇಲೆ ಚಮಚ ನಿಲ್ಲಿಸಬಹುದು. ಬೆರಳು ಸೋತು ನಾನು ಅರ್ಧಕ್ಕೇ ಏಳ್ತಿದ್ದೆ, ಕೆನೆಯೆಲ್ಲ ಕೆಚ್ಚಲಲ್ಲೇ ಉಳೀತಿತ್ತು.

ಆಗ ನನಗೆ ಅರ್ಥ ಆಯ್ತು ಮರೀ. ಅವತ್ತು ನೀನೂ ಕಡೇ ಹಾಲು ಕರೆಯದೆ ಆ ಬಡಕಲು ಕರುವಿಗೆ ಬಿಡ್ತಿದ್ದೆ ಅಲ್ವಾ? ಅತ್ತೆ ಕರುವಿಗೆ ಎರಡು ಗುಟುಕು ಸಾಕು ಅಂತ ಕಟ್ಟುನಿಟ್ಟು ಮಾಡಿದ್ದಕ್ಕೆ ನೀನು ಬಾಯಿ ಬಿಡಲಿಲ್ಲ. ನಿನ್ನ ಚೊಂಬಲ್ಲಿ ನೀರು ಇರಲೇ ಇಲ್ಲ. ಕಮಲಾದೇವಮ್ಮನಿಗೆ ಹೇಳಿದೆ, ಮರಿಯಮ್ಮನ ವಿಷಯದಲ್ಲಿ ನಾವೆಲ್ಲ ತಪ್ಪು ತಿಳ್ಕೊಂಡ್ವಿ ಅಂತ. ಹಳೇ ಕಥೆ ಬಿಡಿ ನಾರಾಯಣಮ್ಮ ಅಂತ ನಕ್ಕರು. ಉಳಿದ ಮನೆಗೂ ಹೀಗೇ ನಿಧಾನಕ್ಕೆ ಮಾತಿನ ಮಧ್ಯೆ ಹೇಳ್ತೀನಿ.

ಆ ಕೊಟ್ಟಿಗೇಲಿ ನಾವು ಎಷ್ಟು ನಗ್ತಿದ್ವಿ ಅಲ್ವೇನೇ. ಹಸುವಿನ ಆ ಕಡೆ ನೀನು, ಈ ಕಡೆ ನಾನು, ಅತ್ತೆಗೆ ಕೇಳಿಸದ ಹಾಗೆ ಇಡೀ ಬೀದಿ ಸಮಾಚಾರ. ಹಸು ಈದಾಗ ಗಿಣ್ಣು ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ಬಾಳೆಲೆ ಮುಚ್ಚಿ ಮನೆಮನೆಗೆ ಹಂಚೋಕೆ ಹೋಗ್ತಿದ್ವಿ. ಗಿಣ್ಣಿಗೆ ನಾವು ಯಾವತ್ತೂ ದುಡ್ಡು ತಗೊಂಡಿಲ್ಲ. ಈಗ ಅದನ್ನೂ ಡಬ್ಬಿಗೆ ಹಾಕಿ ಮೊಬೈಲಲ್ಲಿ ಮಾರ್ತಾರಂತೆ, ದಿವ್ಯ ತೋರಿಸಿದಳು. ಬೆಲೆ ನೋಡಿ ಹೊಟ್ಟೆ ಉರೀತು. ನಾವು ಎಷ್ಟು ಹಂಚಿಬಿಟ್ವಿ ಅಂತಲ್ಲ, ಆ ದಿನ ಹೋಯ್ತಲ್ಲ ಅಂತ.

ಇನ್ನಾದ್ರೂ ಕೋಪ ಬಿಡು.

ನಿನ್ನ ಅಕ್ಕ
ನಾರಾಯಣಮ್ಮ


ಬೇಗೂರು
11 ಆಗಸ್ಟ್ 2024

ನಾರಾಯಣಮ್ಮನವರಿಗೆ,

ಈಗ ಅರ್ಥ ಆಯ್ತು ಅಂತ ಬರೆದಿದ್ದೀರಿ. ಆ ಸಾಲು ನಾಲ್ಕು ಸಲ ಓದಿದೆ.

ಆ ಕರು ಹುಟ್ಟಿದಾಗ ಎದ್ದು ನಿಲ್ಲೋಕೂ ಶಕ್ತಿ ಇರಲಿಲ್ಲ. ಹೀಗೇ ಆದ್ರೆ ಇದು ಉಳಿಯಲ್ಲ, ಕಡೇ ಹಾಲು ಇದಕ್ಕೆ ಬಿಡೋಣ ಅಂತ ನಾನು ಹೇಳಿದ್ದು ಯಾರಿಗೆ? ಮುದುಕಿ ಕಣ್ಣಿಗೆ ಬೀಳದ ಹಾಗೆ ಮಾಡು ಅಂತ ಒಪ್ಪಿದ್ದು ಯಾರು? ನಾನು ಚೊಂಬು ಎತ್ತಿಕೊಂಡು ಎದ್ದರೆ ಕರುವಿನ ಹಗ್ಗ ಬಿಚ್ಚಿ ಕೆಚ್ಚಲಿಗೆ ಬಿಡ್ತಿದ್ದೋರು ನೀವು. ಅತ್ತೆ ಹಿತ್ತಲ ಬಾಗಿಲಿಂದ ಬಂದರೆ ಎರಡು ಸಲ ಕೆಮ್ಮಬೇಕು ಅಂತ ನಮ್ಮಿಬ್ಬರಲ್ಲೇ ಮಾತಾಗಿತ್ತು. ಕೆಮ್ಮುತ್ತಿದ್ದೋರೂ ನೀವೇ.

ಆಮೇಲೆ ಹನ್ನೊಂದು ವರ್ಷ ಕಾದೆ. ನಿಮಗೆ ಗೊತ್ತಿಲ್ಲದೆ ಆಗಿದ್ದಿದ್ರೆ ನಾನು ಆಣೆ ಇಡ್ತಿರಲಿಲ್ಲ. ಎರಡು ದಿನ ಮುನಿಸಿಕೊಂಡು ಸುಮ್ಮನಾಗ್ತಿದ್ದೆ. ಅತ್ತೆಗೆ ಹೆದರಿ ಅವತ್ತು ಹೇಳಲಿಲ್ಲ ಅಂತ ಇಟ್ಕೊಳ್ಳೋಣ. ಅತ್ತೆ ಹೋಗಿ ಎಂಟು ವರ್ಷ ಆಯ್ತು. ಆಮೇಲೆ ಯಾರಿಗೆ ಹೆದರಿದಿರಿ?

ಮನೆ ಪಾಲಾದಾಗ ಆ ಕರು ಯಾರಿಗೂ ಬೇಡವಾಗಿತ್ತು, ನನ್ನ ಪಾಲಿಗೆ ತಳ್ಳಿದಿರಿ. ನನ್ನ ಕೊಟ್ಟಿಗೇಲಿದ್ದ ಆರರಲ್ಲಿ ಐದು ಅದರ ಹೊಟ್ಟೇಲಿ, ಅದರ ಮಕ್ಕಳ ಹೊಟ್ಟೇಲಿ ಹುಟ್ಟಿದ್ದು. ದೀಪಾವಳಿವರೆಗೆ ಕಾಯೋಕೆ ಆಗಲಿಲ್ಲ, ಒಂದನ್ನ ಮಂಗಳವಾರ ಮಾರಿದೆ. ಗರ್ಭ ಕಟ್ಟಿದ್ದ ಹಸು. ಟೆಂಪೋ ಹತ್ತಲ್ಲ ಅಂತ ಹಟ ಮಾಡ್ತು, ನಾನೇ ಮೈ ಸವರಿ ಹತ್ತಿಸಿದೆ. ನಂಬಿ ಹತ್ತಿತು.

ಇನ್ನು ನೀವು ಕಾಗದ ಬರೀಬೇಡಿ. ಮಾತಿನ ಮಧ್ಯೆ ಹೇಳೋ ವಿಷಯ ಅಲ್ಲ ಇದು.

ಮರಿಯಮ್ಮ


ಕದಿರೇನಹಳ್ಳಿ
24 ನವೆಂಬರ್ 2024

ಮರೀ,

ಕೆಮ್ಮಿದ್ದು ನಾನೇ. ಹಗ್ಗ ಬಿಚ್ಚಿದ್ದೂ ನಾನೇ. ಬರೀಬೇಡ ಅಂದಿದ್ದೆ, ಆದ್ರೂ ಬರೀತಿದ್ದೀನಿ. ಇದನ್ನ ಪೋಸ್ಟಿಗೆ ಹಾಕಿಸ್ತಿದ್ದೀನಿ, ಕರೆಪ್ಪ ಈಗ ನಮ್ಮ ಕಡೆ ಬರಲ್ಲ. ಹಿಂಡಿ ಇಳಿಸೋಕೆ ಹಸು ಇರಬೇಕಲ್ಲ. ಎರಡನ್ನೂ ದೀಪಾವಳಿ ಆದಮೇಲೆ ಆನೇಕಲ್ ಕಡೆಯೋರಿಗೆ ಕೊಟ್ಟುಬಿಟ್ಟೆ.

ಯಾರಿಗೆ ಹೆದರಿದಿರಿ ಅಂತ ಕೇಳಿದ್ದೆ. ಮೂರು ತಿಂಗಳು ಅದೇ ತಲೇಲಿ ಕೊರೀತಿತ್ತು. ಅತ್ತೆಗೆ ಹೆದರಿದೆ ಅಂತ ನನಗೆ ನಾನೇ ಹೇಳ್ಕೊಂಡು ಬಂದಿದ್ದೆ, ಅದೂ ಸುಳ್ಳು. ಹೊಟ್ಟೆಕಿಚ್ಚು ಮರೀ. ಬರೆಯೋಕೆ ನಾಚಿಕೆ ಆಗ್ತಿದೆ, ಬರೀತೀನಿ. ಆ ಮನೆಗಳನ್ನೆಲ್ಲ ಹಿಡಿದೋಳು ನಾನು, ನೀನು ಬರೋಕೆ ಮುಂಚೆ ಹತ್ತು ವರ್ಷ ಮಳೆ ಚಳಿ ಅನ್ನದೆ ಸುತ್ತಿದೋಳು ನಾನು. ನೀನು ಬಂದ ಮೇಲೆ ಎಲ್ಲರ ಬಾಯಲ್ಲೂ ಮರಿಯಮ್ಮ ಮರಿಯಮ್ಮ. ಮರಿಯಮ್ಮ ಕರೆದ ಹಾಲೇ ಬೇಕು, ಮರಿಯಮ್ಮ ಬಂದರೆ ಎರಡು ಮಾತಾಡಿ ಹೋಗ್ತಾಳೆ, ನಿಮ್ಮ ಥರ ಮುಖ ಗಂಟು ಹಾಕಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಕಮಲಾದೇವಮ್ಮ ನಿನಗೆ ಸೀರೆ ಕೊಟ್ಟರು, ನನಗೆ ರವಿಕೆ ಕಣ. ನೀನು ಆ ಸೀರೆ ನನಗೇ ಉಡಿಸೋಕೆ ಬಂದೆ, ಅದು ಇನ್ನೂ ಉರಿ ಹತ್ತಿಸ್ತು. ಆ ಶುಕ್ರವಾರ ಕಮಲಾದೇವಮ್ಮ ಪಾತ್ರೆ ಹಿಡಿದು ನಿಂತಾಗ ಒಂದು ಮಾತು ಹೇಳಿದ್ರೆ ಸಾಕಿತ್ತು. ನನ್ನ ಬಾಯಿಂದ ಇನ್ನೊಂದು ಬಂತು. ಒಳಗೆ ಹೋಗಿ ನೀರು ಕುಡಿದೆ. ನೀನು ಹೊರಗೆ ಅಳ್ತಿದ್ದಿದ್ದು ಕೇಳಿಸ್ತಿತ್ತು.

ಸಾಯಂಕಾಲ ಹೇಳೋಣ ಅಂದ್ಕೊಂಡೆ. ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಆ ಮನೆಗಳೆಲ್ಲ ನನ್ನನ್ನೇ ಕೇಳೋಕೆ ಶುರು ಮಾಡಿದ್ವು. ಹಾಳಾದ್ದು, ಹಿತ ಆಯ್ತು ನಂಗೆ.

ಮೊನ್ನೆ ಗುರುವಾರ, ಶುಕ್ರವಾರ, ಎರಡು ದಿನ ಇಪ್ಪತ್ತೆರಡು ಮನೆಗೂ ಹೋಗಿ ಬಂದೆ. ನಂದಕುಮಾರ ಬೇಡಮ್ಮ, ಊರಲ್ಲಿ ನಾನು ತಲೆ ಎತ್ತಿ ಓಡಾಡೋದು ಬೇಡ್ವಾ ಅಂದ. ಹನ್ನೊಂದು ವರ್ಷ ಅವಳು ತಗ್ಗಿಸಿದ್ದಾಳೆ, ನೀನು ನಾಲ್ಕು ದಿನ ತಗ್ಗಿಸು ಅಂದೆ. ಮಾತಿನ ಮಧ್ಯೆ ಹೇಳಲಿಲ್ಲ. ಬಾಗಿಲಲ್ಲೇ ನಿಂತು, ಮರಿಯಮ್ಮ ನೀರು ಹಾಕಿರಲಿಲ್ಲ, ಕರುವಿಗೆ ಬಿಟ್ಟಿದ್ದು, ನನಗೆ ಗೊತ್ತಿತ್ತು, ಗೊತ್ತಿದ್ದೂ ಅವಳ ಮೇಲೆ ಹಾಕಿದೆ ಅಂತ ಹೇಳಿದೆ. ಕೆಲವರಿಗೆ ನೆನಪೇ ಇರಲಿಲ್ಲ, ಅವರಿಗೆ ಮೊದಲಿಂದ ಕಥೆ ಹೇಳಬೇಕಾಯ್ತು. ಅದು ಇನ್ನೂ ಕಷ್ಟ ಕಣೇ, ಮರೆತಿರೋರಿಗೆ ನೆನಪು ಮಾಡಿ ಬೈಸಿಕೊಳ್ಳೋದು.

ಕಮಲಾದೇವಮ್ಮನ ಮನೆ ಕಡೇಗೆ ಇಟ್ಕೊಂಡಿದ್ದೆ. ಎಲ್ಲಾ ಕೇಳಿಸ್ಕೊಂಡರು.

"ಆ ಹುಡುಗೀನ ನನ್ನ ಬಾಯಿಂದ ಬೈಸಿದೆಯಲ್ಲೇ ನಾರಾಯಣಿ" ಅಂದರು.

ಮೂವತ್ತೈದು ವರ್ಷದಲ್ಲಿ ಮೊದಲನೇ ಸಲ ನನ್ನನ್ನ ಏಕವಚನದಲ್ಲಿ ಕರೆದರು. ಕೂತ್ಕೋ ಅನ್ನಲಿಲ್ಲ, ಕಾಫಿ ಕೊಡಲಿಲ್ಲ, ಬಾಗಿಲು ಹಾಕ್ಕೊಂಡರು.

ಹದಿಮೂರು ಮನೆಯೋರು ಇನ್ನು ಯಾರ ಹಾಲೂ ಬೇಡ, ಪ್ಯಾಕೆಟ್ಟೇ ವಾಸಿ ಅಂದರು. ಅದರಲ್ಲಿ ಕಮಲಾದೇವಮ್ಮನೂ ಒಬ್ಬರು. ಒಂಬತ್ತು ಮನೆಯೋರು ಮರಿಯಮ್ಮ ತಂದರೆ ತಗೋತೀವಿ ಅಂದಿದ್ದಾರೆ. ಹೆಸರು, ಮನೆ ನಂಬರು, ಎಷ್ಟು ಹಾಲು ಅನ್ನೋದು ಬೇರೆ ಚೀಟಿಯಲ್ಲಿ ದಿವ್ಯನ ಕೈಲಿ ಬರೆಸಿದ್ದೀನಿ. ಇಪ್ಪತ್ತೆರಡು ಕೊಡ್ತೀನಿ ಅಂದಿದ್ದೆ, ಒಂಬತ್ತು ಉಳಿಸಿದ್ದೀನಿ. ಜೂನಲ್ಲಿ ನೀನು ಕೇಳಿದಾಗಲೇ ಹೇಳಿದ್ದಿದ್ರೆ ಆ ಗಬ್ಬದ ಹಸು ಉಳೀತಿತ್ತು. ಅದು ಟೆಂಪೋ ಹತ್ತಿದ್ದು ಬರೆದಿದ್ದೆಯಲ್ಲ, ಅದನ್ನ ಓದಿ ನಾನು ಎರಡು ದಿನ ಊಟ ಬಿಟ್ಟೆ.

ತಪ್ಪಾಯ್ತು ಅಂತ ಬರೆಯೋಕೆ ಈ ಕಾಗದ ಹಿಡಿದಿದ್ದು. ತಪ್ಪಾಯ್ತು ಮರೀ. ನೀನು ಮಾತಾಡಬೇಕು ಅಂತ ಕೇಳಲ್ಲ. ವರ್ತನೆ ಮಾತ್ರ ಬಿಡಬೇಡ.

ನಾರಾಯಣಮ್ಮ


ಬೇಗೂರು
19 ಜನವರಿ 2025

ಅಕ್ಕ,

ಡಿಸೆಂಬರ್ ಎರಡನೇ ತಾರೀಕಿಂದ ಹಾಲು ತರ್ತಿದ್ದೀನಿ. ಬೇಗೂರಿಂದ ಎರಡು ಬಸ್ಸು. ಹೆಂಗಸರಿಗೆ ಫ್ರೀ ಅಂತ ಹತ್ತಿದರೆ, ಮೊದಲನೇ ದಿನ ಕಂಡಕ್ಟರು ನಿಮಗೆ ಫ್ರೀ ಅಮ್ಮ, ಕ್ಯಾನಿಗೆ ಲಗೇಜು ಅಂದ. ಈಗ ಪರಿಚಯ ಆಗಿದ್ದಾನೆ, ಕ್ಯಾನು ಇಡೋಕೆ ಅವನೇ ಜಾಗ ಮಾಡಿಕೊಡ್ತಾನೆ.

ಒಂಬತ್ತು ಮನೆಯೋರೂ ಮಾತು ಉಳಿಸಿಕೊಂಡರು. ಬಾಗಿಲು ತೆಗೆದವರೆಲ್ಲ ಮೊದಲು ನನ್ನ ಮುಖ ನೋಡಿದರು, ಆಮೇಲೆ ಪಾತ್ರೆ ತಂದರು. ಮೂರನೇ ಮನೆಯ ಅಲಮೇಲು ಮೇಡಂ, ಬಾಮ್ಮ, ಕಾಫಿ ಕುಡಿದು ಹೋಗು ಅಂದರು, ಕ್ಯಾನು ಬಾಗಿಲಲ್ಲಿ ಇಳಿಸಿ ಒಳಗೆ ಕೂತು ಕುಡಿದೆ.

ಸಂಕ್ರಾಂತಿ ಹಿಂದಿನ ದಿನ ಕಮಲಾದೇವಮ್ಮ ರಸ್ತೇಲಿ ನನ್ನನ್ನ ನಿಲ್ಲಿಸಿದರು. ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ನಾಳೆಯಿಂದ ಅರ್ಧ ಲೀಟರ್ ಹಾಕು ಅಂದರು. ಆಮೇಲೆ ನೀನು ಬರೆಯದೆ ಬಿಟ್ಟಿದ್ದು ಹೇಳಿದರು. ಅವರು ಬಾಗಿಲು ಹಾಕ್ಕೊಂಡ ಮೇಲೂ ನೀನು ಮೆಟ್ಟಿಲ ಮೇಲೆ ಕೂತಿದ್ದೆಯಂತೆ, ಸೆರಗು ಬಾಯಿಗೆ ತುರುಕಿಕೊಂಡು ಅಳ್ತಿದ್ದೆಯಂತೆ. ಅವರು ಕಿಟಕಿಯಿಂದ ನೋಡ್ತಿದ್ರಂತೆ. ಮೂವತ್ತೈದು ವರ್ಷದಲ್ಲಿ ನಾರಾಯಣಿ ಅತ್ತಿದ್ದು ನೋಡಿರಲಿಲ್ಲ ಕಣಮ್ಮ ಅಂದರು. ನಾನೂ ನೋಡಿಲ್ಲ.

ಹತ್ತು ಮನೆಗೆ ಎರಡು ಹಸುವಿನ ಹಾಲು ಸಾಕು. ಮಿಕ್ಕಿದ್ದು ಡೈರಿಗೆ ಹಾಕಿದರೆ ಮತ್ತೆ ಅದೇ ನಷ್ಟ, ಅದಕ್ಕೆ ಕರೆಯೋ ಹಸು ಇನ್ನೆರಡು ಮಾರಿದೆ. ಎಲ್ಲ ಉಳಿಸ್ಕೊಳ್ಳೋಕೆ ಆಗಲಿಲ್ಲ. ಆದ್ರೆ ಈ ತಿಂಗಳು ನಮ್ಮೋರ ಸಂಬಳ ಮುಟ್ಟದೆ ಹಿಂಡಿ ತರಿಸಿದ್ದೀನಿ.

ದಿನಾ ನಿನ್ನ ಬೀದಿ ದಾಟಿ ಹೋಗ್ತೀನಿ. ಕೊಟ್ಟಿಗೆ ಕೆಡವಿದ್ದು ನೋಡಿದೆ. ಗೋದಲಿ ಇದ್ದ ಕಡೆ ಜಲ್ಲಿ ಸುರಿದಿದ್ದಾರೆ. ಅಲ್ಲಿ ಒಂದು ದಿನ ಕ್ಯಾನು ಇಳಿಸಿ ನಿಂತೆ. ಒಳಗೆ ನೀನು ದಿವ್ಯನ ಮೇಲೆ ರೇಗ್ತಿದ್ದೆ, ಹುಣಸೆಹಣ್ಣು ಬಿಸಿಲಿಗೆ ಹಾಕಿಲ್ಲ ಅಂತ. ಆ ದನಿ ಕೇಳಿ ಹನ್ನೊಂದು ವರ್ಷ ಆಗಿತ್ತು. ಬಾಗಿಲು ತಟ್ಟೋಕೆ ಕೈ ಏಳಲಿಲ್ಲ, ಬಸ್ಸಿಗೆ ಹೊತ್ತಾಯ್ತು ಅಂತ ಹೋದೆ. ಬಸ್ಸಿಗೆ ಹೊತ್ತಾಗಿರಲಿಲ್ಲ.

ಹೋದ ಭಾನುವಾರ ನಾಗೇಶ್ವರನ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ, ಇಬ್ಬರ ಹೆಸರಲ್ಲೂ.

ಒಂದು ವಿಷಯ ಹೇಳಲಿಲ್ಲ. ಕರೆಯೋ ಎರಡು ಹಸು ಇಟ್ಕೊಂಡು ಮಿಕ್ಕಿದ್ದೆಲ್ಲ ಮಾರೋದು ಸರಿಯಾದ ಲೆಕ್ಕ. ನಾನು ಮೂರು ಇಟ್ಕೊಂಡಿದ್ದೀನಿ. ಮೂರನೇದು ನಮ್ಮ ಆ ಬಡಕಲು ಕರು. ಈಗ ಹಲ್ಲು ಹೋದ ಮುದುಕಿ, ಒಂದು ತೊಟ್ಟು ಹಾಲಿಲ್ಲ, ದಿನಕ್ಕೆ ಎರಡು ಹೊರೆ ಹುಲ್ಲು ತಿಂದು ಬಿಸಿಲು ಕಾಯ್ತಾ ಮಲಗಿರುತ್ತೆ. ಇದನ್ನ ಓದ್ತಿದ್ದ ಹಾಗೇ ನೀನು ಬೈಯೋಕೆ ಶುರು ಮಾಡಿರ್ತೀಯ ಅಂತ ಗೊತ್ತು, ಬುದ್ಧಿ ಇದೆಯಾ ನಿಂಗೆ, ಯಾರು ಸಾಕ್ತಾರೆ ಅದನ್ನ ಅಂತ.

ಕಾಗದದಲ್ಲಿ ಬೈಬೇಡ ಅಕ್ಕ. ನೀನು ಕಳಿಸಿದ್ದ ಮನೆ ಚೀಟಿ ಇದರ ಜೊತೆ ಇಟ್ಟಿದ್ದೀನಿ, ಅದರ ಹಿಂದೆ ನನ್ನ ನಂಬರು ಬರೆದಿದ್ದೀನಿ. ಬೆಳಿಗ್ಗೆ ಹಾಲಿನ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಫೋನ್ ಮಾಡಿ ಬೈ.

ನಿನ್ನ
ಮರಿ